ಮೂರನೇ ತಿರುವಿನ ಕುರಿ

ನರಸಿಂಹರಾಜು ಮೇಷ್ಟರು ಆ ಬುಧವಾರ ಸಂಜೆ ಟೀ ಕುಡಿದು, ಲೋಟ ಇಟ್ಟು, ಸುಮ್ಮನೆ ಎದ್ದು ಮನೆಗೆ ಹೋಗಿದ್ದರೆ ಈ ಫಜೀತಿ ಒಂದೂ ಆಗುತ್ತಿರಲಿಲ್ಲ. ಆದರೆ ಶಿರಾ ಬಸ್‌ಸ್ಟ್ಯಾಂಡಿನ ಹಿಂದಿನ ಆ ಅಂಗಡಿಯಲ್ಲಿ ಟಿವಿ ಇತ್ತು, ಟಿವಿಯಲ್ಲಿ ಹಿಂದಿನ ಭಾನುವಾರದ ಕಾರ್ ರೇಸ್ ಮತ್ತೆ ಬರುತ್ತಿತ್ತು, ಮೇಷ್ಟರಿಗೆ ಬಾಯಿ ಇತ್ತು.

"ನೋಡ್ರಿ, ನೋಡ್ರಿ ಅನ್ಯಾಯಾನ!" ಎಂದು ಮೇಷ್ಟರು ಬೆಂಚು ಗುದ್ದಿದರು. "ಹೋದ್ ರೇಸಲ್ಲಿ ಒಬ್ಬ ಇದೇ ಥರ ಗೆರೆ ದಾಟಿದ್ದಕ್ಕೆ ಐದು ಸೆಕೆಂಡ್ ದಂಡ ಹಾಕಿದ್ರು. ಈ ಸಲ ಇವನು ದಾಟಿದ್ರೆ ಬರೀ ಎಚ್ಚರಿಕೆ ಅಂತೆ! ತಪ್ಪು ಒಂದೇ ಆದ್ಮೇಲೆ ಶಿಕ್ಷೇನೂ ಒಂದೇ ಆಗ್ಬೇಕಲ್ವೇನ್ರಿ? ತೀರ್ಪು ಕೊಡೋ ಆ ಸ್ಟೀವರ್ಡ್ ಅನ್ನಿಸ್ಕೊಂಡೋರನ್ನ ಒಂದು ವಾರ ನನ್ನ ಹತ್ರ ಬಿಡಿ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿಸಿ ಕಳಿಸ್ತೀನಿ. ನ್ಯಾಯ ಅಂದ್ರೆ ಏನು ಅಂತ ಗೊತ್ತಾಗುತ್ತೆ."

ಗಣಿತದ ಮೇಷ್ಟರಿಗೆ ಹಾಗೆ ಹೇಳುವ ಹಕ್ಕಿತ್ತು. ಹೆಡ್‌ಮಾಸ್ಟರ ಮಗನನ್ನೇ ಅರ್ಧ ಅಂಕಕ್ಕೆ ಫೇಲ್ ಮಾಡಿ, ಆಮೇಲೆ ಅದೇ ಹೆಡ್‌ಮಾಸ್ಟರ ಕೈಕೆಳಗೆ ಆರು ವರ್ಷ ಕೆಲಸ ಮಾಡಿದವರು ಅವರು. ಊರಿನಲ್ಲಿ ಅವರಿಗೆ ತಕ್ಕಡಿ ಮೇಷ್ಟರು ಅಂತಲೇ ಹೆಸರು. ಆ ಹೆಸರು ಕಿವಿಗೆ ಬಿದ್ದರೆ ಕೇಳಿಸದವರಂತೆ ನಟಿಸುತ್ತಿದ್ದರು. ಒಂದು ದಿನ ಯಾರೂ ಅನ್ನದೆ ಹೋದರೆ ಊಟ ಸೇರುತ್ತಿರಲಿಲ್ಲ.

ಪಕ್ಕದಲ್ಲಿ ಟೀಗೆ ಬನ್ನು ಅದ್ದಿ ತಿನ್ನುತ್ತಿದ್ದ ರೇಣುಕಯ್ಯನ ಬನ್ನು ಲೋಟದಲ್ಲೇ ಉಳಿಯಿತು. ಅವನು ಮದಲೂರು ಕಡೆಯ ಗೆಳೆಯರ ಬಳಗದ ಅಧ್ಯಕ್ಷ. ಕೆರೆಯ ಒಣಗಿದ ಅಂಗಳದಲ್ಲಿ ವರ್ಷಕ್ಕೊಂದು ಸಲ ನಾಲ್ಕು ತಾಲ್ಲೂಕಿನ ಹುಡುಗರನ್ನು ಸೇರಿಸಿ ಬೈಕ್ ರೇಸ್ ನಡೆಸುವುದು ಅವನಿಗೆ ಹಿಡಿದ ಹುಚ್ಚು.

"ಸಾ, ಈ ಭಾನುವಾರ ನಮ್ ಕೆರೆ ಅಂಗಳದಾಗೆ ರೇಸ್ ಮಡಗಿದೀವಿ. ಹೋದ್ ವರ್ಸ ತೀರ್ಪು ಹೇಳ್ದೋನು ಇವತ್ಗೂ ಮನೆಯಿಂದ ಈಚೆಗೆ ಬರಾಕೆ ಹೆದರ್ತಾನೆ. ನೀವೇ ಬಂದು ತೀರ್ಪುಗಾರರಾಗಿ ಕುಂತ್ಕಬೇಕು."

"ಆಗಲ್ಲ ಕಣಯ್ಯ. ನನ್ನ ಬಾಮೈದ ಸುರೇಶನೂ ಓಡಿಸ್ತಿದಾನೆ. ನಾನು ಕೂತ್ಕೊಳ್ಳೋದು ಸರಿಯಲ್ಲ."

"ನೀವು ಯಾರ ಮೋರೆ ನೋಡೋರೂ ಅಲ್ಲ ಅಂತ ನಾಕ್ ತಾಲೂಕಿಗೂ ಗೊತ್ತು. ತಕ್ಕಡಿ ಮೇಷ್ಟ್ರು ಅಂತ ಸುಮ್ಕೆ ಅಂತಾರಾ?"

ಹೆಸರು ಕಿವಿಗೆ ಬಿತ್ತು. ಮೇಷ್ಟರು ಕರಗಿ ನೀರಾದರು.

ಇಲ್ಲಿ ಸುರೇಶನ ವಿಷಯ ಹೇಳಲೇಬೇಕು. ಅವನು ಮೇಷ್ಟರ ಹೆಂಡತಿ ಗಂಗಾಂಬಿಕಾಳ ತಮ್ಮ. ಪಾವಗಡದ ಆಚೆ ನಾಗಲಮಡಿಕೆಯಿಂದ ಬೈಕ್ ರಿಪೇರಿ ಕಲಿಯುತ್ತೇನೆಂದು ಶಿರಾಕ್ಕೆ ಬಂದು ಎರಡು ವರ್ಷ ಎರಡು ತಿಂಗಳಾಗಿತ್ತು. ಒಳ್ಳೆಯ ಹುಡುಗ, ಸುಳ್ಳು ಗೊತ್ತಿಲ್ಲ, ಎದುರು ಮಾತಿಲ್ಲ. ಆದರೆ ಮೇಷ್ಟರ ಮನೆಯಲ್ಲಿ ಇರುವುದೇ ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಹಾಲ್ ತುಂಬ ಅವನ ಬೈಕಿನ ಅಂಗಾಂಗಗಳು. ಒಂದು ದಿನ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಕಾರ್ಬುರೇಟರ್ ಬೇಯುತ್ತಿತ್ತು. ಬೆಳಗಿನ ಜಾವ ಐದಕ್ಕೆ ಇಂಜಿನ್ ಪರೀಕ್ಷೆ. ಮೇಷ್ಟರು ಉತ್ತರಪತ್ರಿಕೆ ತಿದ್ದಲು ಜಾಗವಿಲ್ಲದೆ ತುಳಸಿಕಟ್ಟೆಯ ಮೇಲೆ ಕೂರುತ್ತಿದ್ದರು. ಹೆಂಡತಿಯ ಮುಂದೆ ಈ ಮಾತು ಎತ್ತುವ ಧೈರ್ಯ ಅವರಿಗಿರಲಿಲ್ಲ.

ರೇಸಿನ ಮೊದಲ ಬಹುಮಾನ ಒಂದು ಟಗರು. ಅದಕ್ಕಿಂತ ದೊಡ್ಡದು ಅದರ ಜೊತೆಗಿದ್ದದ್ದು. ಶಿರಾದಲ್ಲಿ ದೊಡ್ಡ ಬೈಕ್ ಗ್ಯಾರೇಜ್ ಇಟ್ಟಿರುವ ಮತೀನ್, ಗೆದ್ದವನಿಗೆ ತನ್ನಲ್ಲಿ ಮೆಕ್ಯಾನಿಕ್ ಕೆಲಸ ಕೊಡುತ್ತೇನೆ, ಗ್ಯಾರೇಜಿನ ಮೇಲಿನ ರೂಮನ್ನೂ ಕೊಡುತ್ತೇನೆ ಅಂತ ಬೋರ್ಡ್ ಬರೆಸಿದ್ದ. ಆ 'ರೂಮು' ಅನ್ನುವ ಮಾತನ್ನು ಓದಿದಾಗ ಮೇಷ್ಟರಿಗೆ ಮೈ ಝುಮ್ಮೆಂದಿತ್ತು. ಸುರೇಶ ಗೆದ್ದರೆ ಹಾಲ್ ಮತ್ತೆ ಅವರದ್ದು. ಹೀಗಿದ್ದೂ ನ್ಯಾಯ ಬಿಟ್ಟು ಒಂದು ಕೂದಲೆಳೆಯಷ್ಟೂ ಆಚೀಚೆ ಆಗಬಾರದೆಂದು ಅವರು ದೇವರ ಮುಂದೆ ನಿಂತು ಗಟ್ಟಿ ಮಾಡಿಕೊಂಡರು. ನ್ಯಾಯವಾಗಿಯೇ ಸುರೇಶ ಗೆಲ್ಲಲಿ ಅಂತಲೂ ಅದೇ ದೇವರಿಗೆ ಒಂದು ತೆಂಗಿನಕಾಯಿ ಹೇಳಿಕೊಂಡರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಕೆರೆ ಅಂಗಳದಲ್ಲಿ ಜನ ಗಿಜಿಗುಟ್ಟುತ್ತಿದ್ದರು. ನೆಲದ ಮೇಲೆ ಸುಣ್ಣದ ಗೆರೆ ಎಳೆದು ದಾರಿ ಮಾಡಿದ್ದರು. ಒಟ್ಟು ನಾಲ್ಕು ತಿರುವು. ಮೂರನೆಯದು ಜಾಲಿಗಿಡಗಳ ಪೊದೆಯನ್ನು ಸುತ್ತಿ ಬರುವ ದೊಡ್ಡ ತಿರುವು. ಅಲ್ಲಿ ಗೆರೆ ದಾಟಿ ತಿರುವಿನ ಒಳಗಿನಿಂದ ನುಗ್ಗಿದರೆ ಬೈಕ್ ಮೂರು ಮಾರು ಮುಂದೆ ಹೋಗುತ್ತದೆ. ಅದಕ್ಕೇ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿತ್ತು: 'ಗೆರೆ ದಾಟಿದವರಿಗೆ ಹತ್ತು ಸೆಕೆಂಡ್ ದಂಡ.' ಐದೈದು ಬೈಕಿನ ಮೂರು ಓಟ, ಒಂದೊಂದರಲ್ಲಿ ಗೆದ್ದವರಿಗೆ ಕೊನೆಯ ಓಟ.

ಮೇಷ್ಟರನ್ನು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಕೈಯಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೆ ಹೊಸ ನೋಟ್‌ಬುಕ್ಕು. "ಇವತ್ತು ಕೊಡೋ ಒಂದೊಂದು ತೀರ್ಪನ್ನೂ ಇದರಲ್ಲಿ ಬರೀತೀನಿ" ಎಂದು ಮೈಕಿನಲ್ಲಿ ಸಾರಿದರು. "ಬೆಳಿಗ್ಗೆ ಒಬ್ಬನಿಗೆ ಏನು ನ್ಯಾಯವೋ ಸಂಜೆ ಇನ್ನೊಬ್ಬನಿಗೂ ಅದೇ ನ್ಯಾಯ." ಜನ ಚಪ್ಪಾಳೆ ತಟ್ಟಿದರು. ಅದೇ ಆ ದಿನದ ಕೊನೆಯ ಚಪ್ಪಾಳೆ ಅಂತ ಗೊತ್ತಿದ್ದರೆ ಮೇಷ್ಟರು ಇನ್ನೊಂದಿಷ್ಟು ಹೊತ್ತು ನಿಂತು ಕೇಳುತ್ತಿದ್ದರು.

ಮೊದಲ ಓಟದಲ್ಲಿ ಕೊರಟಗೆರೆಯ ಅಂಜನ್ ಕುಮಾರ್ ಮುಂದಿದ್ದ. ಅಷ್ಟರಲ್ಲಿ ಬಹುಮಾನದ ಟಗರು, ಸೌತೆಕಾಯಿ ಮಾರುವವಳ ಬುಟ್ಟಿಯ ವಾಸನೆ ಹಿಡಿದು ಹಗ್ಗ ಕಿತ್ತುಕೊಂಡು ಹೊರಟದ್ದು, ಮೂರನೇ ತಿರುವಿನಲ್ಲಿ ದಾರಿಯ ನಟ್ಟನಡುವೆ ನಿಂತು ಯೋಚನೆ ಮಾಡತೊಡಗಿತು. ಅಂಜನ್ ಗಾಬರಿಯಾಗಿ ಬೈಕನ್ನು ಗೆರೆಯೊಳಕ್ಕೆ ತಿರುಗಿಸಿ, ಟಗರನ್ನು ಉಳಿಸಿ, ಹಾಗೇ ಮುಂದೆ ನುಗ್ಗಿ ಗೆದ್ದುಬಿಟ್ಟ.

"ಗೆರೆ ದಾಟ್ದ! ಹತ್ ಸೆಕೆಂಡ್ ಹಾಕಿ!" ಎಂದು ಉಳಿದವರ ಕಡೆಯವರು ಟ್ರೇಲರ್ ಸುತ್ತಿಕೊಂಡರು.

ಅಂಜನನ ಸೋದರಮಾವ ಶಂಕರಲಿಂಗಪ್ಪ ಪಂಚೆ ಎತ್ತಿ ಕಟ್ಟಿ ಎದುರಿಗೆ ಬಂದ. ಹೊಲದ ಬದುವಿನ ವ್ಯಾಜ್ಯಕ್ಕೆ ಹದಿನೆಂಟು ವರ್ಷ ಮಧುಗಿರಿ ಕೋರ್ಟಿಗೆ ಅಲೆದು, ಲಾಯರಿಗಿಂತ ಚೆನ್ನಾಗಿ ವಾದ ಮಾಡುವುದನ್ನು ಕಲಿತಿದ್ದ ಆಸಾಮಿ ಅವನು. "ಮೇಷ್ಟ್ರೇ, ಟಗರು ಯಾರ್ದು? ಕಮಿಟಿದು. ಹಗ್ಗ ಯಾರ್ದು? ಕಮಿಟಿದು. ಪ್ರಾಣಿ ಜೀವ ಉಳ್ಸಿದ್ದಕ್ಕೆ ನಮ್ ಹುಡ್ಗುನ್ಗೆ ದಂಡವಾ?"

ಮೇಷ್ಟರಿಗೆ ವಾದ ಸರಿಯೆನ್ನಿಸಿತು. ದಂಡ ಇಲ್ಲವೆಂದು ಹೇಳಿ, ನೋಟ್‌ಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದರು: 'ಒಂದು. ಕುರಿ ಅಡ್ಡ ಬಂದ ಕಾರಣ ಗೆರೆ ದಾಟಿದರೆ ದಂಡವಿಲ್ಲ.' ಬರೆದದ್ದನ್ನು ಮೈಕಿನಲ್ಲಿ ಎರಡು ಸಲ ಓದಿದರು. ಒಂದು ಸಲ ಓದಿದ್ದರೂ ಸಾಕಾಗಿತ್ತು, ಕೇಳಬೇಕಾದವರಿಗೆಲ್ಲ ಕೇಳಿಸಿತ್ತು.

ಎರಡನೇ ಓಟದಲ್ಲಿ ಪಾವಗಡದ ರಾಯಚರ್ಲಿನ ಹುಡುಗನೊಬ್ಬ ಗೆದ್ದ. ಅವನೂ ಮೂರನೇ ತಿರುವಿನಲ್ಲಿ ಒಳಗಿನಿಂದಲೇ ನುಗ್ಗಿದ್ದ. ಮೇಷ್ಟರು "ಹತ್ತು ಸೆಕೆಂಡ್" ಅನ್ನುವುದಕ್ಕೂ ಅವನ ಕಡೆಯವರು ಓಡಿಬರುವುದಕ್ಕೂ ಸರಿಹೋಯಿತು.

"ಕುರಿ ಇತ್ತು ಸಾ!"

ಮೇಷ್ಟರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ತಿರುವಿನಲ್ಲಿ ಒಂದು ಬಡಕಲು ಕುರಿ ನಿಂತಿತ್ತು. "ಏನ್ರಪ್ಪ, ಅದನ್ನ ಜಾಲಿಗಿಡಕ್ಕೆ ಕಟ್ಟಿದೀರಲ್ಲ!"

"ಕಟ್ಟಿದ್ರೆ ಏನ್ ಸಾ? ಕುರಿ ಕುರೀನೇ ಅಲ್ವಾ? ಕಟ್ಟಿದ್ ಕುರಿಗೆ ಆಗಕಿಲ್ಲ ಅಂತ ನಿಮ್ ಬುಕ್ಕಲ್ಲಿ ಬರ್ದಿದ್ರೆ ತೋರ್ಸಿ."

ಬುಕ್ಕಿನಲ್ಲಿ ಬರೆದಿರಲಿಲ್ಲ. ಬರೆಯದ ಲೆಕ್ಕಕ್ಕೆ ಅಂಕ ಕಳೆಯುವಂತಿಲ್ಲ ಅನ್ನುವುದು ಮೇಷ್ಟರು ಇಪ್ಪತ್ತಾರು ವರ್ಷ ಪಾಲಿಸಿದ ಧರ್ಮ. ಹಲ್ಲು ಕಚ್ಚಿಕೊಂಡು "ದಂಡವಿಲ್ಲ" ಎಂದರು. ಸೋತವರು ಬೈದರು. ಗೆದ್ದವರೂ, ಇಷ್ಟು ಹೊತ್ತು ಸತಾಯಿಸಿದ್ದಕ್ಕೆ ಬೈದರು.

ಮೂರನೇ ಓಟ ಶುರುವಾಗುವ ಹೊತ್ತಿಗೆ ಮೂರನೇ ತಿರುವು ಶಿರಾ ಸಂತೆಯ ಕುರಿ ಸಾಲಿನಂತೆ ಕಾಣುತ್ತಿತ್ತು. ಅಂಗಳದಲ್ಲಿ ಮಂದೆ ಮೇಯಿಸುತ್ತಿದ್ದ ಪೆದ್ದಮ್ಮನ ಹತ್ತಿರ ಒಬ್ಬೊಬ್ಬರು ಒಂದೊಂದು ಕುರಿ ಕಡ ತಂದು, ಕಿವಿ ಹಿಡಿದುಕೊಂಡು ಗೆರೆಯ ಪಕ್ಕ ಸಿದ್ಧವಾಗಿ ನಿಂತಿದ್ದರು. ತಮ್ಮವನ ಬೈಕ್ ಬಂದ ಕೂಡಲೇ ಕುರಿಯನ್ನು ಮುಂದಕ್ಕೆ ದಬ್ಬುವುದು, ಬೈಕ್ ಒಳಗಿನಿಂದ ಹೋದ ಮೇಲೆ ಹಿಂದಕ್ಕೆ ಎಳೆದುಕೊಳ್ಳುವುದು.

"ಈಗ ನೋಡಿ ಬಂಧುಗಳೇ, ಮಧುಗಿರಿ ಕುರಿ ರೆಡಿಯಾಗಿದೆ, ಕೊರಟಗೆರೆ ಕುರಿ ಇನ್ನೂ ಹುಲ್ಲು ತಿಂತಾ ಇದೆ!" ಎಂದು ರೇಣುಕಯ್ಯ ಮೈಕಿನಲ್ಲಿ ಉತ್ಸಾಹದಿಂದ ಕೂಗುತ್ತಿದ್ದ. ಮೇಷ್ಟರು ಅವನ ಕೈಯಿಂದ ಮೈಕ್ ಕಿತ್ತುಕೊಂಡರು.

ಆ ಓಟದಲ್ಲಿ ಸುರೇಶನೂ ಇದ್ದ. ಅವನಿಗೆ ಕುರಿ ಹಿಡಿಯುವವರು ಯಾರೂ ಇರಲಿಲ್ಲ, ಇಂಥದ್ದೊಂದು ಉಪಾಯ ಅವನ ತಲೆಗೆ ಹೊಳೆಯುವಂತೆಯೂ ಇರಲಿಲ್ಲ. ಉಳಿದ ನಾಲ್ವರೂ ಒಂದೇ ಸಲ ಮೂರನೇ ತಿರುವಿಗೆ ಬಂದರು, ನಾಲ್ಕು ಕುರಿಗಳೂ ಒಂದೇ ಸಲ ಮುಂದೆ ಬಂದವು. ಆಮೇಲೆ ಧೂಳು, ಬ್ಯಾ ಬ್ಯಾ, ಹಾರನ್ನು, ಬೈಗುಳ. ಯಾರಿಗೂ, ಯಾವ ಕುರಿಗೂ ಪೆಟ್ಟಾಗಲಿಲ್ಲ. ಆದರೆ ಯಾವ ಬೈಕು ಯಾವ ಕುರಿಯದು ಅಂತ ಬಿಡಿಸುವಷ್ಟರಲ್ಲಿ ಸುರೇಶ ಹೊರಗಿನಿಂದ ಒಬ್ಬನೇ ಶಿಸ್ತಾಗಿ ಸುತ್ತಿ ಬಂದು ಗೆದ್ದಿದ್ದ. ಗೆರೆಯ ಸುಣ್ಣವೂ ಅವನ ಚಕ್ರಕ್ಕೆ ಅಂಟಿರಲಿಲ್ಲ.

ಮೇಷ್ಟರ ಎದೆ ಅರಳಿತು. ಊಟದ ಹೊತ್ತಿನಲ್ಲಿ ಮುದ್ದೆ ಮುರಿಯುತ್ತಾ ಹಾಲ್‌ನ ಯಾವ ಗೋಡೆಗೆ ಮೇಜು ಹಾಕುವುದು ಅಂತಲೂ ಯೋಚಿಸಿದರು. ಆದರೆ ಫೈನಲ್ಲಿನಲ್ಲಿ ಈ ಕುರಿ ನಾಟಕ ನಡೆದರೆ ಕುರಿಯಿಲ್ಲದ ಸುರೇಶ ಮುಳುಗಿದ ಹಾಗೆಯೇ. ಅದೂ ಅಲ್ಲದೆ, ನಾಟಕ ನಿಲ್ಲಿಸುವುದೇ ನ್ಯಾಯ ಅಲ್ಲವೇ? ಮೇಷ್ಟರು ಎದ್ದು ಸಾರಿದರು: "ಇನ್ನು ಮುಂದೆ ಕುರಿ ಬರಲಿ, ಕೋಣ ಬರಲಿ, ಗೆರೆ ದಾಟಿದ್ರೆ ದಂಡ!"

ಕೆರೆ ಅಂಗಳ ಹೊತ್ತಿಕೊಂಡಿತು.

"ಅರ್ಧ ಆಟಕ್ಕೆ ರೂಲ್ಸ್ ಬದಲಾಯಿಸ್ತೀರಾ?" ಎಂದು ಶಂಕರಲಿಂಗಪ್ಪ ಟ್ರೇಲರಿನ ಮೇಲೇ ಹತ್ತಿ ಬಂದ. "ಪರೀಕ್ಸೆ ನಡ್ಯಾವಾಗ ಪ್ರಶ್ನೆ ಪತ್ರಿಕೆ ಬದಲಾಯಿಸ್ತೀರಾ ಮೇಷ್ಟ್ರೇ? ಬೆಳಿಗ್ಗೆ ಒಬ್ಬುನ್ಗೆ ಏನೋ ಸಂಜೆ ಇನ್ನೊಬ್ಬುನ್ಗೂ ಅದೇ ಅಂದೋರು ಯಾರು?"

"ಬಾಮೈದುನ್ ತಾವ ಕುರಿ ಇಲ್ವಲ್ಲ, ಅದ್ಕೇ ಬದಲಾಯ್ಸವ್ರೆ ಕಣ್ಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ಹೋ ಎಂದು ನಕ್ಕರು.

ಮೇಷ್ಟರ ಮುಖ ಹುಣಸೆಹಣ್ಣು ತಿಂದಂತಾಯಿತು. ಇಪ್ಪತ್ತಾರು ವರ್ಷದಲ್ಲಿ ಅವರಿಗೆ ಯಾರೂ ಈ ಮಾತು ಅಂದಿರಲಿಲ್ಲ. ಅಂದವರ ಮಾತಿನಲ್ಲಿ ಅರ್ಧ ಅಂಕದಷ್ಟು ನಿಜ ಇತ್ತಲ್ಲ ಅನ್ನುವುದು ಇನ್ನೂ ಸಂಕಟ. ಕೊನೆಗೆ ಅರ್ಧ ಗಂಟೆ ಜಗ್ಗಾಡಿ ಒಂದು ರಾಜಿಯಾಯಿತು. ಮೇಷ್ಟರು ಬರೆದರು: 'ತಾನಾಗಿ ಬಂದ ಕುರಿಗೆ ದಂಡವಿಲ್ಲ. ಮನುಷ್ಯರು ತಂದ ಕುರಿಗೆ ದಂಡ ಉಂಟು.'

"ತಾನಾಗೇ ಬಂತೋ, ತಂದ್ರೋ ಅಂತ ಯಾರನ್ನ ಕೇಳ್ತೀರಾ? ಕುರೀನಾ?" ಎಂದ ಶಂಕರಲಿಂಗಪ್ಪ.

"ಪೆದ್ದಮ್ಮನ್ನ ಕೇಳ್ತೀನಿ" ಎಂದರು ಮೇಷ್ಟರು.

ಪೆದ್ದಮ್ಮ ಆಂಧ್ರದ ಗಡಿಯಾಚೆಯಿಂದ ಮದುವೆಯಾಗಿ ಬಂದವಳು, ಐವತ್ತು ವರ್ಷದಿಂದ ಕುರಿ ಕಾಯುತ್ತಿದ್ದವಳು. ಅವಳನ್ನು ಟ್ರೇಲರಿನ ಮೇಲೆ ಇನ್ನೊಂದು ಕುರ್ಚಿಯಲ್ಲಿ ಕೂರಿಸಿದರು. ಕೂತ ತಕ್ಷಣ ಅವಳು ಎಲೆ ಅಡಿಕೆ ಹಾಕಿಕೊಂಡು, "ಲೇ, ನನ್ ಕುರಿ ಇಸ್ಕೊಂಡೋರೆಲ್ಲ ಬಿಟ್ಟು ಬರ್ರಿ! ಒಂದ್ ಕುರಿ ಕಮ್ಮಿಯಾದ್ರೆ ಕೋಲು ತಗೊಂಡ್ ಬತ್ತೀನಿ" ಎಂದು ಒಂದೇ ಕೂಗು ಹಾಕಿದಳು. ಎರಡೇ ನಿಮಿಷದಲ್ಲಿ ತಿರುವು ಖಾಲಿಯಾಗಿ, ಕುರಿಗಳೆಲ್ಲ ಕೆರೆ ಏರಿಯ ಮೇಲೆ ಹತ್ತಿದವು. ಬೆಳಗಿನಿಂದ ತಾವು ಮಾಡಲಾಗದ್ದನ್ನು ಈಕೆ ಕೂಗಿ ಮುಗಿಸಿದಳಲ್ಲ ಎಂದು ಮೇಷ್ಟರು ಬೆರಗಾದರು.

ನಾಲ್ಕು ಗಂಟೆಗೆ ಫೈನಲ್ ಶುರುವಾಯಿತು. ಅಂಜನ್, ರಾಯಚರ್ಲಿನ ಹುಡುಗ, ಸುರೇಶ. ಮೊದಲ ಸುತ್ತು ಅಂಜನ್ ಮುಂದೆ, ಎರಡನೇ ಸುತ್ತಿಗೆ ಸುರೇಶ ಅವನ ಪಕ್ಕ, ಕೊನೆಯ ಸುತ್ತಿಗೆ ಸುರೇಶ ಎರಡು ಮಾರು ಮುಂದೆ. ಮೇಷ್ಟರು ಕುರ್ಚಿಯ ಕೈ ಹಿಡಿದುಕೊಂಡು, ಮುಖದಲ್ಲಿ ಏನೂ ಕಾಣಿಸದ ಹಾಗೆ ಕೂತಿದ್ದರು. ಒಳಗೆ ಜೀವ 'ರೂಮು, ರೂಮು' ಅನ್ನುತ್ತಿತ್ತು.

ಆಗ ಏರಿಯ ಮೇಲಿಂದ ಒಂದು ಮರಿ, ಹುಟ್ಟಿ ಹದಿನೈದು ದಿನವೂ ಆಗಿರದ ಬಿಳಿ ಮರಿ, ಯಾಕೋ ಏನೋ ಟಣ್ಣನೆ ಹಾರಿ ಹಾರಿ ಇಳಿದು ಬಂದು ಮೂರನೇ ತಿರುವಿನಲ್ಲಿ ನಿಂತಿತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಸುರೇಶ ಮರಿಯನ್ನು ನೋಡಿದ, ಹ್ಯಾಂಡಲ್ ತಿರುಗಿಸಿದ, ಅವನ ಮುಂದಿನ ಚಕ್ರ ಒಂದು ಗೇಣು ಗೆರೆ ದಾಟಿ ಮತ್ತೆ ದಾರಿಗೆ ಬಂತು. ಮರಿ ಉಳಿಯಿತು. ಸುರೇಶ ಗೆದ್ದ. ಎರಡು ಸೆಕೆಂಡ್ ಹಿಂದೆ ಅಂಜನ್, ಅವನ ಹಿಂದೆ ರಾಯಚರ್ಲಿನ ಹುಡುಗ.

"ದಾನಂತಟ ಅದೇ ಬಂತು!" ಎಂದು ಪೆದ್ದಮ್ಮ ಎದ್ದು ನಿಂತು ಕೂಗಿದಳು. "ಯಾರೂ ತರ್ಲಿಲ್ಲ ನಾಯನಾ, ತಾನೇ ಬಂತು! ನನ್ ಕಣ್ಣಾರೆ ನೋಡ್ದೆ!"

ಮೇಷ್ಟರೂ ಕಣ್ಣಾರೆ ನೋಡಿದ್ದರು. ನಿಯಮ ಬುಕ್ಕಿನಲ್ಲಿತ್ತು, ಸಾಕ್ಷಿ ಪಕ್ಕದಲ್ಲಿತ್ತು, ರೂಮು ಕೈಗೆಟುಕುವಷ್ಟು ದೂರದಲ್ಲಿತ್ತು. "ದಂಡವಿಲ್ಲ" ಅನ್ನಲು ಅವರು ಮೈಕ್ ಎತ್ತಿದರು.

"ಅನ್ನಿ ಮೇಷ್ಟ್ರೇ, ಅನ್ನಿ" ಎಂದು ಶಂಕರಲಿಂಗಪ್ಪ ಕೆಳಗಿನಿಂದ ಕೈ ಕಟ್ಟಿ ನಗುತ್ತಾ ಹೇಳಿದ. "ಬಾಮೈದುನ್ಗೆ ದಂಡ ಹಾಕಾಕೆ ಆಗ್ತೈತಾ ನಿಮ್ಗೆ? ಮನೆಗ್ ಹೋದ್ರೆ ಅನ್ನ ಯಾರು ಇಕ್ತಾರೆ?"

ಜನ ಸೀಟಿ ಹೊಡೆದರು. "ತಕ್ಕಡಿ ವಾಲ್ತು ಕಣ್ರಪ್ಪೋ!" ಎಂದು ಒಬ್ಬ ಕೂಗಿದ. ಅದು ಮೇಷ್ಟರ ಎದೆಗೇ ನಾಟಿತು. ಇಷ್ಟೂ ಜನ ನಾಳೆ ನಾಲ್ಕು ತಾಲ್ಲೂಕಿನಲ್ಲಿ ಇದೇ ಮಾತು ಆಡುತ್ತಾರೆ. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಸ್ಕೂಲಿನ ಸ್ಟಾಫ್ ರೂಮಿನಲ್ಲಿ. ಇಪ್ಪತ್ತಾರು ವರ್ಷದ ಹೆಸರು ಒಂದು ಗೇಣು ಸುಣ್ಣಕ್ಕೆ ಹೋಗುತ್ತದೆ.

"ಸುರೇಶನಿಗೆ ಹತ್ತು ಸೆಕೆಂಡ್ ದಂಡ" ಎಂದು ಅವರ ಬಾಯಿ ಹೇಳಿತು.

ಸುರೇಶ ಮೂರನೆಯವನಾದ. ಅವನು ಹೆಲ್ಮೆಟ್ ತೆಗೆದು, ತಿರುವಿನಿಂದ ಎತ್ತಿ ತಂದ ಮರಿಯನ್ನು ಎಡಗೈಯಲ್ಲಿ ಹಿಡಿದುಕೊಂಡು, "ಸರಿ ಬಾವ" ಎಂದ. ಅಷ್ಟೇ ಎಂದ. ಅವನು ಜಗಳವಾಡಿದ್ದರೆ ಮೇಷ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು.

ಪೆದ್ದಮ್ಮ ಎಲೆ ಅಡಿಕೆ ಉಗಿದು ಅವರ ಕಡೆ ತಿರುಗಿದಳು. "ಏನ್ ಮೇಷ್ಟ್ರೋ ಏನೋ. ಬೆಳಿಗ್ಗೆಯಿಂದ ಸುಳ್ಳು ಕುರಿಗೆಲ್ಲ ನ್ಯಾಯ ಕೊಟ್ಟೆ. ಇಡೀ ದಿನಕ್ಕೆ ಒಂದೇ ಒಂದು ನಿಜವಾದ ಮರಿ ಬಂದ್ರೆ ಅದ್ಕೆ ದಂಡ ಹಾಕ್ಬುಟ್ಟೆ." ಟ್ರೇಲರಿನಿಂದ ಇಳಿದು ಹೋಗಿಯೇಬಿಟ್ಟಳು.

ಮೇಷ್ಟರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟಿವಿಯ ಮುಂದೆ ಬೈದ ಆ ಸ್ಟೀವರ್ಡ್‌ಗಳ ಹೆಂಡತಿಯರಿಗೂ ತಮ್ಮಂದಿರಿರುತ್ತಾರೋ ಏನೋ ಎಂದು ಮೊದಲ ಸಲ ಅವರ ಮೇಲೆ ಕನಿಕರ ಹುಟ್ಟಿತು.

ಅಷ್ಟರಲ್ಲಿ ಗ್ಯಾರೇಜಿನ ಮತೀನ್ ಜನರನ್ನು ಸರಿಸಿಕೊಂಡು ಬಂದು ಮೇಷ್ಟರ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಿನಲ್ಲಿ ನೀರಿತ್ತು.

"ಅರೇ ಮಾಸ್ಟರ್ ಸಾಬ್, ಏನ್ ಇನ್ಸಾಫ್, ಏನ್ ನ್ಯಾಯ ಮಾಡಿದ್ರಿ! ಸ್ವಂತ ಸಾಲಾಗೆ, ಬಾಮೈದಂಗೆ ದಂಡ ಹಾಕೋರು ಈ ಕಾಲದಲ್ಲಿ ಎಲ್ಲಿದಾರೆ? ಆ ಹುಡ್ಗಾನೂ ನೋಡಿ, ಒಂದ್ ಮಾತು ಆಡ್ಲಿಲ್ಲ. ನನಗೆ ಗ್ಯಾರೇಜಿಗೆ ಇಂಥ ಹುಡ್ಗಾನೇ ಬೇಕು. ರೇಸ್ ಯಾರಾದ್ರೂ ಗೆದ್ಕೊಳ್ಳಲಿ, ಕೆಲಸ ಸುರೇಶಂಗೇ!"

ಮೇಷ್ಟರಿಗೆ ಹೋದ ಜೀವ ಬಂದಂತಾಯಿತು. ಧರ್ಮೋ ರಕ್ಷತಿ ರಕ್ಷಿತಃ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ ಎಂದುಕೊಂಡರು. ಹೆಸರೂ ಉಳಿಯಿತು, ಹಾಲ್ ಕೂಡ ಸಿಕ್ಕಿತು.

"ಅದೆಂಗಾಗ್ತೈತೆ?" ಎಂದು ಪಕ್ಕದಿಂದ ಶಂಕರಲಿಂಗಪ್ಪನ ದನಿ ಬಂತು. ಅವನು ಮತೀನ್ ಬರೆಸಿದ್ದ ಬೋರ್ಡನ್ನೇ ಕಂಬದಿಂದ ಬಿಚ್ಚಿ, ಎದೆಗೆ ಅಡ್ಡ ಹಿಡಿದುಕೊಂಡು ತಂದಿದ್ದ. "ಗೆದ್ದವನಿಗೆ ಟಗರು, ಕೆಲಸ, ರೂಮು ಅಂತ ಬರ್ದೈತೆ. ಗೆದ್ದೋನು ನಮ್ ಅಂಜನ. ತೀರ್ಪು ಹೇಳ್ಬೇಕಾದೋರು ಮತೀನ್ ಸಾಬ್ರಲ್ಲ. ಮೇಷ್ಟ್ರು ಹೇಳ್ಲಿ."

ಎಲ್ಲರೂ ಮೇಷ್ಟರ ಕಡೆ ತಿರುಗಿದರು. ಮತೀನ್ ಕೂಡ ತಿರುಗಿದ.

"ಅವರ ಗ್ಯಾರೇಜು, ಅವರಿಷ್ಟ..." ಎಂದು ಮೇಷ್ಟರು ಶುರುಮಾಡಿದರು. ಶಂಕರಲಿಂಗಪ್ಪ ಬೋರ್ಡನ್ನು ಇನ್ನೊಂದಿಷ್ಟು ಮೇಲೆ ಎತ್ತಿದ. ದೊಡ್ಡ ಅಕ್ಷರ, ಹಳದಿ ಬಣ್ಣ, ಒಂದು ಕಾಗುಣಿತದ ತಪ್ಪೂ ಇಲ್ಲ. ಈಗಷ್ಟೇ ಸಿಕ್ಕಿದ 'ಇನ್ಸಾಫ್' ಇನ್ನೂ ಕಿವಿಯಲ್ಲಿ ಬೆಚ್ಚಗಿತ್ತು. ಮೇಷ್ಟರು ಕಣ್ಣು ಮುಚ್ಚಿಕೊಂಡರು.

"ಬರೆದಿರೋದೇ ನಿಯಮ" ಎಂದರು. "ಕೆಲಸ ಅಂಜನ್‌ಗೆ."

ಮತೀನ್ ನಿಟ್ಟುಸಿರು ಬಿಟ್ಟು ತಲೆಯಾಡಿಸಿದ. "ಫೈಸಲಾ ಅಂದ್ರೆ ಫೈಸಲಾ. ನಾಳೆಯಿಂದಾನೇ ಬಾರಪ್ಪ ಅಂಜನ್. ಆದ್ರೆ ಒಂದು ತೊಂದ್ರೆ ಇದೆ. ಮೊನ್ನೆ ಗಾಳಿಗೆ ಆ ಮೇಲಿನ ರೂಮಿನ ಶೀಟ್ ಎಲ್ಲಾ ಹಾರ್ಹೋಗಿದೆ. ಸರಿ ಮಾಡ್ಸೋಕೆ ದೀಪಾವಳಿ ಆಗುತ್ತೆ. ಅಲ್ಲೀತನಕ ಶಿರಾದಲ್ಲಿ ನಿಂಗೆ ಯಾರಾದ್ರೂ ನೆಂಟ್ರು ಇದಾರಾ?"

ಅಂಜನ್ ಇಲ್ಲವೆಂದು ತಲೆ ಆಡಿಸಿದ. ಈವರೆಗೆ ಅವನು ಬಾಯಿ ಬಿಟ್ಟವನೇ ಅಲ್ಲ, ಮಾತೆಲ್ಲ ಮಾವನದೇ.

"ನೆಂಟ್ರು ಯಾಕೆ? ನಮ್ ಬಾವನ ಮನೆ ಇಲ್ವಾ!" ಎಂದ ಸುರೇಶ. ಅವನ ಮುಖದಲ್ಲಿ ಸೋತ ಕುರುಹೇ ಇರಲಿಲ್ಲ. ಮರಿಯನ್ನು ಕೆಳಗಿಳಿಸಿ ಅಂಜನ್‌ನ ಹೆಗಲ ಮೇಲೆ ಕೈ ಹಾಕಿದ. "ನೀ ನಮ್ಮನೆಗೆ ಬಾರೋ. ಹಾಲ್ ದೊಡ್ಡದಿದೆ."

"ಜಾಗ ಎಲ್ಲಿದೆಯಪ್ಪಾ ನಮ್ಮನೇಲಿ?" ಎಂದು ಮೇಷ್ಟರು ಗಾಬರಿಯಿಂದ ಕೂಗಿದರು. ಮೈಕ್ ಇನ್ನೂ ಆನ್ ಇತ್ತು. ಅವರ ಪ್ರಶ್ನೆ ಏರಿಗೆ ಬಡಿದು, ಕೆರೆಯೆಲ್ಲ ಸುತ್ತಿ, ಎರಡು ಸಲ ಕೇಳಿಸಿತು.

ಸುರೇಶ ಹತ್ತಿರ ಬಂದು, ಅವರಿಗೆ ಒಳ್ಳೆಯದಾಗಲಿ ಎಂಬ ಕಳಕಳಿಯಿಂದಲೇ ಹೇಳಿದ. "ಬಾವ, ನಾನು ಪಾವಗಡ ಕಡೆಯಿಂದ ಬಂದು ಇದೀನಿ. ಅವನು ಕೊರಟಗೆರೆಯಿಂದ ಬರ್ತಾನೆ. ನನ್ನ ಇಟ್ಕೊಂಡು ಅವನನ್ನ ಬೇಡ ಅಂದ್ರೆ, ಬಾಮೈದನಿಗೊಂದು ನ್ಯಾಯ ಪರರಿಗೊಂದು ನ್ಯಾಯ ಅಂತ ಜನ ಆಡ್ಕೊಳ್ಳಲ್ವಾ? ಈಗ ತಾನೆ ನಿಮ್ ಹೆಸರು ಉಳ್ದಿದೆ."

ಶಂಕರಲಿಂಗಪ್ಪ, ಬೆಳಗಿನಿಂದ ಮೊದಲ ಸಲ, ಎದುರುವಾದ ಹೂಡದೆ ಸುರೇಶನ ಬೆನ್ನು ತಟ್ಟಿದ. "ಸರ್ಯಾಗ್ ಹೇಳ್ದೆ ಕಣ್ ಮಗಾ. ಬುಕ್ಕಲ್ಲಿ ಬರ್ಕಳಿ ಮೇಷ್ಟ್ರೇ."

ಮೇಷ್ಟರು ನೋಟ್‌ಬುಕ್ಕನ್ನು ಅವನ ಕೈಗೇ ಕೊಟ್ಟು, ಟ್ರೇಲರಿನಿಂದ ಇಳಿದು, ಯಾರ ಮುಖವನ್ನೂ ನೋಡದೆ ತಮ್ಮ ಸ್ಕೂಟರಿನ ಕಡೆ ನಡೆದರು. ದಾರಿಯಲ್ಲಿ ಫೋನ್ ಹೊಡೆದುಕೊಂಡಿತು. ಗಂಗಾಂಬಿಕಾ. ಸುರೇಶ ಆಗಲೇ ಅವಳಿಗೆ ಎಲ್ಲವನ್ನೂ ಹೇಳಿ ಆಗಿತ್ತು. ತಮ್ಮನಿಗೆ ದಂಡ ಹಾಕಿದ್ದಕ್ಕೆ ಈಗ ಶುರುವಾಗುತ್ತದೆ ಎಂದು ಮೇಷ್ಟರು ಫೋನನ್ನು ಕಿವಿಯಿಂದ ಒಂದಿಷ್ಟು ದೂರವೇ ಹಿಡಿದರು.

"ದಂಡ ಹಾಕಿದ್ರಂತಲ್ಲ, ಹಾಕಿದ್ರೆ ಹಾಕಿದ್ರಿ ಬಿಡಿ" ಎಂದಳು ಗಂಗಾಂಬಿಕಾ. ದನಿ ತಣ್ಣಗಿತ್ತು. "ನ್ಯಾಯ ಅಂದ್ರೆ ನ್ಯಾಯ. ಆ ಹುಡುಗನ್ನೂ ಕರ್ಕೊಂಡ್ ಬನ್ನಿ, ಪಾಪ, ಅವನೂ ಒಬ್ಬರ ಮನೆ ಮಗನೇ. ಆದ್ರೆ ನೋಡ್ರೀ, ನಮ್ಮೋನು ಮಂಚದ ಮೇಲೆ, ಹೊರಗಿನ ಹುಡುಗ ನೆಲದ ಮೇಲೆ ಅಂದ್ರೆ ನಾಳೆ ಕೊರಟಗೆರೆಯೋರು ಏನಂತಾರೆ? ಇಬ್ರಿಗೂ ಒಂದೇ ಥರ ಇರ್ಬೇಕಲ್ವಾ? ಅದಕ್ಕೆ ಪಕ್ಕದ ಮನೆಯೋರ ಕೈಲಿ ನಿಮ್ ಮಂಚಾನ ಹಾಲ್‌ಗೆ ಹಾಕ್ಸ್ತಿದೀನಿ, ಅಲ್ಲಿದ್ದ ಬೈಕ್ ಸಾಮಾನೆಲ್ಲ ಕೋಣೆಗೆ. ನಿಮಗೆ ಅಡುಗೆಮನೇಲಿ ಚಾಪೆ ಹಾಸ್ತೀನಿ."

ಮೇಷ್ಟರು ಸ್ಕೂಟರಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಹಿಂದಿನಿಂದ ನೋಡಿದರು, ಮುಂದಿನಿಂದ ನೋಡಿದರು, ಲೆಕ್ಕ ತಾಳೆ ನೋಡುವಂತೆ ಒಂದೊಂದೇ ಹಂತ ಬಿಡಿಸಿ ನೋಡಿದರು. ಎಷ್ಟು ಹುಡುಕಿದರೂ ಆ ತೀರ್ಪಿನಲ್ಲಿ ಅವರಿಗೆ ಒಂದು ತಪ್ಪೂ ಸಿಗಲಿಲ್ಲ.